ಗೂಳಿಹಟ್ಟಿ ಶೇಖರ್ ಕೇಳದೆ ಬಿಟ್ಟ ಪ್ರಶ್ನೆ

2021ರ ಸೆಪ್ಟೆಂಬರ್ 21ರಂದು ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ವಿಧಾನಸಭೆಯಲ್ಲಿ ಎದ್ದು ನಿಂತು ತಮ್ಮ ತಾಯಿಯ ವಿಷಯ ಎತ್ತಿದರು. ತಾಯಿ ಕ್ರೈಸ್ತ ಮತಕ್ಕೆ ಸೇರಿದ್ದಾರೆ, ಹಣೆಗೆ ಕುಂಕುಮ ಇಡುತ್ತಿಲ್ಲ, ಅವರ ಮೊಬೈಲಿನ ರಿಂಗ್‌ಟೋನ್ ಕೂಡ ಬದಲಾಗಿದೆ, ಮನೆಯಲ್ಲಿ ಪೂಜೆ ಮಾಡುವುದೇ ಕಷ್ಟವಾಗಿದೆ ಎಂದರು. ತಮ್ಮ ತಾಲ್ಲೂಕಿನಲ್ಲಿ 15ರಿಂದ 20 ಸಾವಿರ ಜನ ಮತಾಂತರಗೊಂಡಿದ್ದಾರೆ, ಪ್ರಶ್ನೆ ಮಾಡಿದವರ ಮೇಲೆ ಸುಳ್ಳು ಕೇಸು ಹಾಕಿಸುತ್ತಾರೆ ಎಂದೂ ಹೇಳಿದರು. ಸರ್ಕಾರ ಕಾನೂನಿನ ಮಾತು ಆಡಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಡಿಸೆಂಬರ್ 23ರಂದು, ಬೆಳಗಾವಿಯ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆಯ ಒಪ್ಪಿಗೆ ಸಿಕ್ಕಿತು.

ಒಬ್ಬ ಮಗನ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹುಟ್ಟಿದಾಗಿನಿಂದ ಕಂಡ ಹಣೆಯ ಕುಂಕುಮ ಒಂದು ದಿನ ಇಲ್ಲವಾದರೆ ಯಾವ ಮಗನಿಗಾದರೂ ಕರುಳು ಚುರುಕ್ ಎನ್ನುತ್ತದೆ. ಸುಳ್ಳು ಕೇಸು ಹಾಕಿದವರಿದ್ದರೆ ತನಿಖೆಯೂ ಆಗಬೇಕಿತ್ತು. ಆದರೆ ಶಾಸನಸಭೆಯಲ್ಲಿ ಕೂತವನು ಮನೆಯ ನೋವನ್ನು ಕಾನೂನಾಗಿ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ: ನಮ್ಮ ಕೇರಿ, ಕಾಲೋನಿ, ಹಟ್ಟಿಗಳ ಜನ ಹುಟ್ಟಿದ ಮತವನ್ನು ಬಿಟ್ಟು ಹೋಗುತ್ತಿರುವುದು ಏತಕ್ಕೆ? ಶೇಖರ್ ಅದನ್ನು ಕೇಳಲಿಲ್ಲ. ಹೊಸದುರ್ಗದಲ್ಲಿ ಅದನ್ನು ಕೇಳುವ ಯೋಗ್ಯತೆ ಅವರಿಗಿದ್ದಷ್ಟು ಇನ್ನಾರಿಗೂ ಇರಲಿಲ್ಲ. ನಮ್ಮ ದೂರು ಇರುವುದೇ ಅಲ್ಲಿ.

ಆ ಯೋಗ್ಯತೆ ಎಂಥದ್ದು ಎಂಬುದನ್ನು ನೆನಪಿಸಿಕೊಳ್ಳಬೇಕು. ಹೊಸದುರ್ಗ ಮೀಸಲು ಕ್ಷೇತ್ರವಲ್ಲ. ಅಂಥ ಕಡೆ 2008ರಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಭೋವಿ ಸಮುದಾಯದ ಯುವಕನೊಬ್ಬ ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ಗೆದ್ದ. ಕಲ್ಲು ಒಡೆದು, ಕೆರೆ ಬಾವಿ ತೋಡಿ ಈ ಸೀಮೆಗೆ ನೀರು ಕಾಣಿಸಿದ ಜನರ ಮಗನಿಗೆ ಎಲ್ಲ ಜಾತಿಯವರೂ ವೋಟು ಹಾಕಿದರು. ಕರ್ನಾಟಕದಲ್ಲಿ ಇದು ದಿನಾ ನಡೆಯುವ ಸಂಗತಿಯಲ್ಲ. ಬಬ್ಬೂರಿನಲ್ಲಿರುವ ನಮಗೂ ಆ ವರ್ಷ ಚೆನ್ನಾಗಿ ನೆನಪಿದೆ. ನಮ್ಮ ಹಿರಿಯೂರು ಕ್ಷೇತ್ರವೂ ಅದೇ ಸಲ ಡಿ. ಸುಧಾಕರ್ ಅವರನ್ನು ಪಕ್ಷೇತರರಾಗಿಯೇ ಗೆಲ್ಲಿಸಿತ್ತು. ಪಕ್ಕಪಕ್ಕದ ಎರಡು ತಾಲ್ಲೂಕುಗಳು ದೊಡ್ಡ ಪಕ್ಷಗಳನ್ನು ಒಟ್ಟಿಗೇ ಬದಿಗಿಟ್ಟಿದ್ದವು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 224 ಸ್ಥಾನಗಳಲ್ಲಿ 110 ಗೆದ್ದಿದ್ದ ಬಿಜೆಪಿಗೆ ಬಹುಮತಕ್ಕೆ ಮೂರು ತಲೆ ಕಡಿಮೆ ಬಿದ್ದಿತ್ತು. ಪಕ್ಷೇತರರು ಸರ್ಕಾರಕ್ಕೆ ಬೆಂಬಲ ಕೊಟ್ಟರು, ಮಂತ್ರಿಗಳಾದರು. ಶೇಖರ್‌ಗೆ ಯುವಜನ ಸೇವೆ ಮತ್ತು ಕ್ರೀಡಾ ಖಾತೆ ಬಂತು. ಎರಡು ವರ್ಷ ಕಳೆದ ಮೇಲೆ, 2010ರ ಅಕ್ಟೋಬರಿನಲ್ಲಿ, ಅದೇ ಸರ್ಕಾರದ ವಿರುದ್ಧ ಬಂಡೆದ್ದವರ ಸಾಲಿನಲ್ಲಿ ಅವರಿದ್ದರು. ಸ್ಪೀಕರ್ ಕೆ.ಜಿ. ಬೋಪಯ್ಯ ಹನ್ನೊಂದು ಬಿಜೆಪಿ ಶಾಸಕರ ಜೊತೆಗೆ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. ವಿಶ್ವಾಸಮತದ ದಿನ ಸದನದೊಳಗೆ ಅಂಗಿ ಹರಿದು ಎದೆ ಕಾಣಿಸುತ್ತಾ ನಿಂತ ಶೇಖರ್ ಅವರ ಚಿತ್ರ ಇಡೀ ನಾಡು ನೋಡಿತು. ಆ ಅನರ್ಹತೆ ತಪ್ಪು ಎಂದು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕೋರ್ಟಿನಲ್ಲಿ ಅವರದು ನ್ಯಾಯವಾದ ಗೆಲುವೇ. ಆದರೆ ಯಾವ ಪಕ್ಷದ ಹಂಗೂ ಬೇಡ ಎಂದು ಗೆಲ್ಲಿಸಿದ ಜನರ ಮುಂದೆ ಆ ಗೆಲುವು ಏನನ್ನೂ ಸಾಬೀತು ಮಾಡಲಿಲ್ಲ. 2013ರಲ್ಲಿ ಹೊಸದುರ್ಗ ಕಾಂಗ್ರೆಸ್ಸಿನ ಬಿ.ಜಿ. ಗೋವಿಂದಪ್ಪ ಅವರನ್ನು ಆರಿಸಿತು. 2018ರಲ್ಲಿ ಶೇಖರ್ ಮತ್ತೆ ಗೆದ್ದು ಬಂದರು, ಆ ಸಲ ಬಿಜೆಪಿ ಚಿಹ್ನೆಯ ಮೇಲೆ.

ಸದನದಲ್ಲಿ ತಾಯಿಯ ವಿಷಯ ಬಂದದ್ದು ಆ ಅವಧಿಯಲ್ಲಿ. ಆ ಮಾತಿನಿಂದ ಹುಟ್ಟಿದ ಕಾನೂನನ್ನು ಹತ್ತಿರದಿಂದ ನೋಡಿ. ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಫಾರಂ ತುಂಬಿ ತಿಳಿಸಬೇಕು. ಆ ನೋಟಿಸನ್ನು ಎಲ್ಲರಿಗೂ ಕಾಣುವಂತೆ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ಅಕ್ರಮ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು, 25 ಸಾವಿರ ದಂಡ. ಮತಾಂತರಗೊಂಡವರು ಅಪ್ರಾಪ್ತರೋ, ಬುದ್ಧಿಭ್ರಮಣೆಯವರೋ, ಹೆಂಗಸರೋ, ಪರಿಶಿಷ್ಟ ಜಾತಿ ಪಂಗಡದವರೋ ಆಗಿದ್ದರೆ ಶಿಕ್ಷೆ ಹತ್ತು ವರ್ಷದವರೆಗೆ, ದಂಡ 50 ಸಾವಿರ. ಈ ಸಾಲನ್ನು ಇನ್ನೊಂದು ಸಲ ಓದಬೇಕು. ಮಗು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಹೆಂಗಸು, ದಲಿತ, ಈ ನಾಲ್ವರನ್ನೂ ಕಾನೂನು ಒಂದೇ ಬೆಂಚಿನ ಮೇಲೆ ಕೂರಿಸಿದೆ. ಸ್ವಂತ ಬುದ್ಧಿಯಿಂದ ಒಂದು ತೀರ್ಮಾನಕ್ಕೆ ಬರುವ ಶಕ್ತಿ ಇವರಿಗಿಲ್ಲ ಎಂಬುದು ಅದರ ಅರ್ಥ. ಸಾಮಾನ್ಯ ಕ್ಷೇತ್ರದಲ್ಲಿ ಗೆದ್ದು ಬಂದ ದಲಿತ ಶಾಸಕನೊಬ್ಬನ ಮಾತಿನಿಂದ ಶುರುವಾದ ಚರ್ಚೆ ಇಂಥ ಸಾಲಿನಲ್ಲಿ ಬಂದು ಮುಗಿಯಿತು ಎಂಬುದನ್ನು ನಾವು ಸಹಿಸಲಾರೆವು.

ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಅವನ ಮೀಸಲಾತಿ ಹೋಗುತ್ತದೆ. ಮಕ್ಕಳ ಓದು, ಸರ್ಕಾರಿ ನೌಕರಿ, ಪಂಚಾಯ್ತಿ ಸೀಟು ಎಲ್ಲಕ್ಕೂ ಆಧಾರವಾದ ಸರ್ಟಿಫಿಕೇಟು ಅದು. ಅದನ್ನೂ ಪಣಕ್ಕಿಟ್ಟು ಒಬ್ಬ ಹೊರಟಿದ್ದಾನೆಂದರೆ ಅವನಿಗೆ ಆಮಿಷ ಒಡ್ಡಿದವರು ಯಾರು ಎಂದಷ್ಟೇ ಕೇಳಿದರೆ ಸಾಲದು. ಅವನು ಕಳೆದುಕೊಂಡದ್ದೇನು, ಇಲ್ಲಿ ಅವನಿಗೆ ಸಿಗದೇ ಹೋದದ್ದೇನು ಎಂದು ಕೇಳಬೇಕು.

ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಸದನದ ಆ ಮಾತಿಗೆ ಎರಡು ವರ್ಷ ಮೊದಲು, 2019ರ ಸೆಪ್ಟೆಂಬರಿನಲ್ಲಿ, ನಮ್ಮದೇ ಚಿತ್ರದುರ್ಗದ ಸಂಸದ, ಬಿಜೆಪಿಯ ಎ. ನಾರಾಯಣಸ್ವಾಮಿ ಅವರನ್ನು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಒಳಗೆ ಬಿಟ್ಟಿರಲಿಲ್ಲ. ಅವರು ದಲಿತರು ಎಂಬುದೇ ಕಾರಣ. ಆ ಜನಕ್ಕೆ ಆಸ್ಪತ್ರೆ, ಮನೆ ಮುಂತಾದ ಸೌಕರ್ಯ ಕೊಡಿಸುವ ಕೆಲಸಕ್ಕೆಂದು ಹೋಗಿದ್ದ ಸಂಸದ ಹಟ್ಟಿಯ ಹೊರಗೆ ಕುರ್ಚಿ ಹಾಕಿಕೊಂಡು ಮಾತಾಡಿ ವಾಪಸು ಬಂದರು. ಲೋಕಸಭಾ ಸದಸ್ಯನಿಗೇ ಹೀಗಾದರೆ ಕೂಲಿಯವನ ಪಾಡೇನು? ಅದರ ಬಗ್ಗೆ ಸದನದಲ್ಲಿ ಯಾವ ಮಸೂದೆಯೂ ಬರಲಿಲ್ಲ.

ಅಧಿಕಾರಿಗಳ ವಿಷಯದಲ್ಲೂ ನಡೆದದ್ದು ಸರಿಯಿಲ್ಲ. ಹೊಸದುರ್ಗದಲ್ಲಿ ವಿಚಾರಣೆ ಮಾಡಿ, ತಾವು ನೋಡಿದ ಕುಟುಂಬಗಳಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ವರದಿ ಕೊಟ್ಟ ತಹಶೀಲ್ದಾರರನ್ನು ಅದೇ ಡಿಸೆಂಬರಿನಲ್ಲಿ ವರ್ಗ ಮಾಡಲಾಯಿತು. ಸದನದಲ್ಲಿ ಹೇಳಿದ ಸಾವಿರಾರರ ಲೆಕ್ಕಕ್ಕೂ ಆ ವರದಿಗೂ ತಾಳೆಯಾಗದಿದ್ದಾಗ, ವರದಿ ಕೊಟ್ಟವರನ್ನು ಉಳಿಸಿಕೊಳ್ಳಿ, ಇನ್ನೂ ಆಳವಾಗಿ ವಿಚಾರಿಸೋಣ ಎನ್ನಬೇಕಾದದ್ದು ಆ ಕ್ಷೇತ್ರದ ಶಾಸಕ.

ಇಷ್ಟೆಲ್ಲ ಆಗುವಾಗ ಈ ಸೀಮೆಯ ನೀರಿನ ಮಾತು ಹಿಂದೆ ಬಿತ್ತು. ವೇದಾವತಿ ಹೊಸದುರ್ಗದ ಕಡೆಯಿಂದ ಬಂದು ಮಾರಿಕಣಿವೆಯ ಕಟ್ಟೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ನಮ್ಮ ಬಬ್ಬೂರಿನ ನಾಲೆಗಳಿಗೆ ಇಳಿಯುತ್ತದೆ. 1907ರಲ್ಲಿ ಮುಗಿದ ಆ ಕಟ್ಟೆ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಭದ್ರಾ ಮೇಲ್ದಂಡೆ ಕಾಲುವೆ ಯೋಜನೆಗೆ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾದದ್ದು 2023ರ ಫೆಬ್ರುವರಿಯಲ್ಲಿ. ಹೊಸದುರ್ಗದಲ್ಲೂ ಹೊಳಲ್ಕೆರೆಯಲ್ಲೂ ರೈತ ಕೇಳುವುದು ಆ ಕಾಲುವೆಯ ಸುದ್ದಿಯನ್ನೇ. ಇಡೀ ರಾಜ್ಯಕ್ಕೆ ಹೊಸದುರ್ಗದ ಹೆಸರು ಮುಟ್ಟಿದ್ದು ಮಾತ್ರ ಮತಾಂತರದ ಲೆಕ್ಕದಿಂದ.

2023ರ ಚುನಾವಣೆಗೆ ಬಿಜೆಪಿ ಶೇಖರ್‌ಗೆ ಟಿಕೆಟ್ ಕೊಡಲಿಲ್ಲ. ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಪಕ್ಷೇತರರಾಗಿ ನಿಂತರು. ಜನ ಗೋವಿಂದಪ್ಪ ಅವರನ್ನು ಗೆಲ್ಲಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಶೇಖರ್ ಅವರ ಒಂದು ಧ್ವನಿಮುದ್ರಣ ಹೊರಬಂತು. ಬಿಜೆಪಿ ನಾಯಕ ಬಿ.ಎಲ್. ಸಂತೋಷ್ ಅವರನ್ನು ಉದ್ದೇಶಿಸಿದ ಮಾತು ಅದು. ನಾಗಪುರದಲ್ಲಿ ಆರೆಸ್ಸೆಸ್ ಸಂಸ್ಥಾಪಕ ಹೆಡಗೇವಾರ್ ಅವರ ವಸ್ತುಸಂಗ್ರಹಾಲಯಕ್ಕೆ ಹೋದಾಗ ಬಾಗಿಲಲ್ಲಿ ತಾವು ಪರಿಶಿಷ್ಟ ಜಾತಿಯವರೆಂದು ತಿಳಿದ ಮೇಲೆ ಒಳಗೆ ಬಿಡಲಿಲ್ಲ ಎಂದು ಅವರು ನೋವು ತೋಡಿಕೊಂಡಿದ್ದರು. ಆರೆಸ್ಸೆಸ್ ಇದನ್ನು ಅಲ್ಲಗಳೆಯಿತು, ಅಲ್ಲಿ ಹೆಸರು ಬರೆಸಿ ಒಳಗೆ ಬಿಡುವ ಪದ್ಧತಿಯೇ ಇಲ್ಲ ಎಂದಿತು. ಯಾರ ಮಾತು ನಿಜ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಶೇಖರ್ ಹೇಳಿದ್ದನ್ನು ಅವರ ಮಾತಾಗಿಯೇ ತೆಗೆದುಕೊಳ್ಳೋಣ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಹಿಂದೂ ಮತ ಬಿಟ್ಟು ಬೌದ್ಧರಾದದ್ದು ಅದೇ ನಾಗಪುರದಲ್ಲಿ. ಅವರು ಯಾಕೆ ಬಿಟ್ಟರು ಎಂಬುದನ್ನು ಅವರೇ ಇಪ್ಪತ್ತು ವರ್ಷ ಸಾರಿ ಸಾರಿ ಹೇಳಿದ್ದರು.

ನಮ್ಮ ತೀರ್ಮಾನ ಇಷ್ಟು. ಗೂಳಿಹಟ್ಟಿ ಶೇಖರ್ ಶಾಸಕರಾಗಿ ಸೋತರು. ಹೊಸದುರ್ಗ ಅವರನ್ನು ಎರಡು ಸಲ ಗೆಲ್ಲಿಸಿದರೂ ಅವರ ಮಾತಿನಿಂದ ಹೊರಟ ದೊಡ್ಡ ಕಾನೂನು ಅವರದೇ ಜನರನ್ನು ಬುದ್ಧಿಯಿಲ್ಲದವರ ಸಾಲಿಗೆ ಸೇರಿಸಿತು. ಅದಕ್ಕೆ ಕೈ ಎತ್ತಿದ ಪ್ರತಿಯೊಬ್ಬ ಶಾಸಕನೂ ಇದರಲ್ಲಿ ಪಾಲುದಾರ. 2023ರ ಜೂನ್ 15ರಂದು ಈ ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.

ಶೇಖರ್ ಅವರಲ್ಲಿ ನಮ್ಮದೊಂದು ಬೇಡಿಕೆ ಉಂಟು. ನಾಗಪುರದ ಬಾಗಿಲಲ್ಲಿ ಅನುಭವಿಸಿದೆ ಎಂದು ನೀವು ಹೇಳಿದ್ದನ್ನು ಧ್ವನಿಮುದ್ರಣದಲ್ಲಿ ಬಿಟ್ಟುಬಿಡಬೇಡಿ. ಹೊಸದುರ್ಗದ ಕಾಲೋನಿಗಳಿಗೆ ಹೋಗಿ, ಮತ ಬಿಟ್ಟವರ ಮನೆಯಲ್ಲಿ ಕೂತು ಹೇಳಿ. ಆಮೇಲೆ ಅವರು ಯಾಕೆ ಹೋದರು ಎಂದು ಅವರ ಬಾಯಿಂದಲೇ ಕೇಳಿ.