‘ಗೆಲ್ಲುತ್ತಾರೆಯೇ?’ ಎಂಬುದು ನಾಗರಿಕರ ಪ್ರಶ್ನೆಯಲ್ಲ

ರಾಷ್ಟ್ರಪತಿ ಚುನಾವಣೆ ಸಮೀಪಿಸಿದಾಗಲೆಲ್ಲ ಪುಣೆಯಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ, ಚಾತುರ್ಮಾಸದ ಪ್ರವಚನ ಮುಗಿದ ಮೇಲೆ ನಡೆಯುವ ಮಾತುಕತೆಗಳಲ್ಲಿ, ಒಂದೇ ಪ್ರಶ್ನೆ ಕೇಳಿಬರುತ್ತದೆ: ಈ ಅಭ್ಯರ್ಥಿ ಗೆಲ್ಲುತ್ತಾರೆಯೇ? ಇವರು ಆ ಪೀಠಕ್ಕೆ ತಕ್ಕವರೇ ಎಂದು ಕೇಳುವವರು ವಿರಳ. ಅಭ್ಯರ್ಥಿಯ ವಿಷಯದಲ್ಲಿ ದೇಶ ಎರಡಾಗಿ ಒಡೆದಾಗಲಂತೂ ಈ ಮೊದಲ ಪ್ರಶ್ನೆಯೇ ಎರಡನೆಯದನ್ನು ನುಂಗಿಬಿಡುತ್ತದೆ. ಇದು ಜಾಣತನವಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ಸಭ್ಯ ಮಾರ್ಗ. 2027ರಲ್ಲಿ ಮತ್ತೊಮ್ಮೆ ರಾಷ್ಟ್ರಪತಿಯ ಆಯ್ಕೆ ನಡೆಯಬೇಕಿರುವುದರಿಂದ ಈ ಮಾತನ್ನು ಈಗಲೇ ಆಡಬೇಕಾಗಿದೆ.

2007ರ ಉದಾಹರಣೆಯನ್ನೇ ನೋಡೋಣ. ಆ ವರ್ಷದ ಜೂನ್ 14ರಂದು ಆಡಳಿತಾರೂಢ ಮೈತ್ರಿಕೂಟವು ರಾಜಸ್ಥಾನದ ರಾಜ್ಯಪಾಲರಾಗಿದ್ದ, ಜಳಗಾಂವದ ಪ್ರತಿಭಾ ಪಾಟೀಲರ ಹೆಸರನ್ನು ಪ್ರಕಟಿಸಿತು. ದೇಶಕ್ಕೆ ಮೊದಲ ಮಹಿಳಾ ರಾಷ್ಟ್ರಪತಿ ದೊರೆಯುವರೆಂದು ಕೆಲವರು ಹರ್ಷಿಸಿದರು. ಪಕ್ಷನಿಷ್ಠೆಯ ಹೊರತು ಬೇರೆ ಅರ್ಹತೆಯೇನಿದೆಯೆಂದು ಕೆಲವರು ಕೇಳಿದರು. ಪರದಾ ಪದ್ಧತಿಯ ಮೂಲವನ್ನು ಕುರಿತು ಅವರು ಆಡಿದ ಮಾತು ಇತಿಹಾಸಕಾರರ ಆಕ್ಷೇಪಕ್ಕೆ ಗುರಿಯಾಯಿತು. ಅವರೊಡನೆ ಸಂಬಂಧವಿದ್ದ ಸಹಕಾರಿ ಸಂಸ್ಥೆಗಳ ವ್ಯವಹಾರದ ಬಗ್ಗೆ ವಿರೋಧಪಕ್ಷಗಳು ಆರೋಪ ಹೊರಿಸಿದವು. ಬೆಂಬಲಿಗರು ಅವು ನಿರಾಧಾರವೆಂದರು. ಎದುರಿಗೆ ಉಪರಾಷ್ಟ್ರಪತಿ ಭೈರೋನ್ ಸಿಂಗ್ ಶೇಖಾವತರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಅವರನ್ನು ಬೆಂಬಲಿಸಿದ ಮೈತ್ರಿಕೂಟದಲ್ಲಿಯೇ ಇದ್ದ ಶಿವಸೇನೆ, ಮರಾಠಿ ಮಹಿಳೆಯೊಬ್ಬರು ರಾಷ್ಟ್ರಪತಿಯಾಗಬೇಕೆಂಬ ಕಾರಣ ನೀಡಿ ಪಾಟೀಲರ ಕಡೆಗೆ ಬಂದಿತು.

ಚರ್ಚೆಗೆ ಇಷ್ಟೆಲ್ಲ ಸಾಮಗ್ರಿಯಿತ್ತು. ಆದರೆ ಚರ್ಚೆ ನಡೆದದ್ದು ಲೆಕ್ಕದ ಮೇಲೆ. ಸಂಸದರ ಒಂದು ಮತದ ಮೌಲ್ಯ ಆಗ 708. ಮಹಾರಾಷ್ಟ್ರದ ಶಾಸಕರದು 175, ಕರ್ನಾಟಕದ ಶಾಸಕರದು 131. ರಾಜ್ಯವಾರು ಮೌಲ್ಯಗಳಿಗೆ ಇಂದಿಗೂ 1971ರ ಜನಗಣತಿಯೇ ಆಧಾರ. ಯಾವ ಪಕ್ಷದ ಬಳಿ ಎಷ್ಟು ಮತವಿದೆಯೆಂದು ಕೂಡಿಸಿದವರಿಗೆ ಫಲಿತಾಂಶ ಮೊದಲೇ ತಿಳಿದಿತ್ತು. ಜುಲೈ 19ರಂದು ಮತದಾನವಾಯಿತು. 21ರಂದು ಪಾಟೀಲರಿಗೆ 6,38,116, ಶೇಖಾವತರಿಗೆ 3,31,306 ಮತಮೌಲ್ಯ ಬಂದದ್ದು ಪ್ರಕಟವಾಯಿತು. ಲೆಕ್ಕ ಸರಿಯಾಗಿತ್ತು. ಆದರೆ ಸರಿಯಾದ ಲೆಕ್ಕವು ಸರಿಯಾದ ಆಯ್ಕೆಗೆ ಪ್ರಮಾಣವಾಗಲಾರದು. ತಪ್ಪು ಆಯ್ಕೆಗೂ ಪ್ರಮಾಣವಾಗಲಾರದು. ಆ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕಿತ್ತು, ಕೇಳಲಿಲ್ಲ.

ಅಂದು ಜನಪ್ರಿಯತೆಯಿದ್ದದ್ದು ಅಧಿಕಾರದಲ್ಲಿದ್ದ ಅಬ್ದುಲ್ ಕಲಾಂ ಅವರಿಗೆ. ಪ್ರಾದೇಶಿಕ ಪಕ್ಷಗಳ ಕೂಟವೊಂದು ಮತ್ತೆ ಸ್ಪರ್ಧಿಸುವಂತೆ ಅವರನ್ನು ಕೋರಿತು. ಗೆಲುವು ಖಚಿತವಾದರೆ ಯೋಚಿಸಬಹುದೆಂಬ ಸೂಚನೆ ಅವರಿಂದ ಬಂತು. ಖಚಿತತೆ ಕಾಣದಾದಾಗ ರಾಷ್ಟ್ರಪತಿ ಭವನವನ್ನು ರಾಜಕೀಯ ಪ್ರಕ್ರಿಯೆಗೆ ಎಳೆಯಬಾರದೆಂದು ಹಿಂದೆ ಸರಿದರು. ಹಾಲಿ ರಾಷ್ಟ್ರಪತಿಯ ಘನತೆಯ ದೃಷ್ಟಿಯಿಂದ ಅವರ ಸಂಕೋಚವನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಸೋಲುವ ಅಪಾಯವೇ ಇಲ್ಲದ ನಮಗೇಕೆ ಆ ಖಚಿತತೆಯ ಹಂಬಲ? ಅಭಿಪ್ರಾಯ ಹೇಳಿದ ಮಾತ್ರಕ್ಕೆ ನಮ್ಮ ಠೇವಣಿ ಹೋಗುವುದಿಲ್ಲವಷ್ಟೆ.

ಇಲ್ಲಿಯೇ ನಮ್ಮಂಥ ವಲಸೆ ಕುಟುಂಬಗಳ ದೌರ್ಬಲ್ಯ ಬಯಲಾಗುತ್ತದೆ. ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ದಕ್ಷಿಣ ಕನ್ನಡದಿಂದಲೋ ಬಂದು ಈ ನಗರದಲ್ಲಿ ಅಂಗಡಿಯಿಟ್ಟವರು, ಉದ್ಯೋಗ ಹಿಡಿದವರು ಎರಡನೆಯ ತಲೆಮಾರು ದಾಟಿದರೂ ತಮ್ಮನ್ನು ಅತಿಥಿಗಳೆಂದೇ ಭಾವಿಸುತ್ತಾರೆ. ಮರಾಠಿ ನೆರೆಹೊರೆಯವರು ತಮ್ಮ ನಾಡಿನ ಮಹಿಳೆಯ ಬಗ್ಗೆ ಹೆಮ್ಮೆಪಟ್ಟರೆ ಅದು ಸಹಜ. ಆದರೆ ಆ ಹೆಮ್ಮೆಯನ್ನು ನಾವು ಒಪ್ಪಿಗೆಯಿಂದಲ್ಲ, ಸುರಕ್ಷತೆಗಾಗಿ ಎರವಲು ಪಡೆದರೆ ಅದು ಸ್ನೇಹವೂ ಅಲ್ಲ, ಸೌಜನ್ಯವೂ ಅಲ್ಲ. ಹಾಗೆಯೇ, ಮರಾಠಿಯವರೆಂಬ ಒಂದೇ ಕಾರಣಕ್ಕೆ ಮನೆಯೊಳಗೆ ಗೊಣಗುವುದು ವಿವೇಕವಲ್ಲ. ಗೆಲ್ಲುವವರ ಪಕ್ಕದಲ್ಲಿ ನಿಂತುಕೊಂಡರೆ ಊರಿನಲ್ಲಿ ನಮ್ಮ ಸ್ಥಾನ ಭದ್ರವಾಗುವುದೆಂಬ ನಂಬಿಕೆ ಹುಸಿ. ತೆರಿಗೆ ಕಟ್ಟಿ, ಮತ ಹಾಕಿ, ಮಕ್ಕಳನ್ನು ಇಲ್ಲಿಯ ಶಾಲೆಗೆ ಕಳುಹಿಸುವವರಿಗೆ ಅಭಿಪ್ರಾಯ ಹೇಳುವ ಹಕ್ಕನ್ನು ಯಾರೂ ದಯಪಾಲಿಸಬೇಕಾಗಿಲ್ಲ.

‘ನಮ್ಮ ಅಭಿಪ್ರಾಯದಿಂದ ಆಗುವುದೇನು, ಮತ ಹಾಕುವವರು ಶಾಸಕರಲ್ಲವೇ?’ ಎಂಬುದು ಮುಂದಿನ ಆಕ್ಷೇಪ. ಉತ್ತರ ಸಂವಿಧಾನದ ವ್ಯವಸ್ಥೆಯಲ್ಲಿಯೇ ಇದೆ. ರಾಷ್ಟ್ರಪತಿ ಚುನಾವಣೆ ಗುಪ್ತಮತದಾನ. ಇದರಲ್ಲಿ ಪಕ್ಷಗಳು ತಮ್ಮ ಸದಸ್ಯರಿಗೆ ವಿಪ್ ಜಾರಿ ಮಾಡುವಂತಿಲ್ಲ. ಅಂದರೆ ನಮ್ಮ ಶಾಸಕರು ಈ ಒಂದು ಮತವನ್ನು ಯಾವ ಪಕ್ಷದ ದಂಡನೆಗೂ ಅಂಜದೆ ಹಾಕಬಲ್ಲರು. ಇದು ಪುಸ್ತಕದ ಮಾತಲ್ಲವೆಂಬುದಕ್ಕೆ 1969 ಸಾಕ್ಷಿ. ಆ ಜುಲೈಯಲ್ಲಿ ಬೆಂಗಳೂರಿನಲ್ಲಿ, ನಮ್ಮ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ, ಪಕ್ಷವು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಬಳಿಕ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಕರೆಕೊಟ್ಟರು. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಸೇರಿಸಿದ ಮೇಲೆ ವಿ.ವಿ. ಗಿರಿಯವರು 4,20,077 ಪಡೆದು, 4,05,427 ಪಡೆದ ರೆಡ್ಡಿಯವರನ್ನು ಸೋಲಿಸಿದರು. ಆ ಕರೆಯ ಹಿಂದೆ ಅಧಿಕಾರದ ಹಣಾಹಣಿಯಿತ್ತೆಂಬುದು ನಿಜ. ಆದರೂ ಪಕ್ಷದ ಲೆಕ್ಕ ವಿಧಿಲಿಖಿತವಲ್ಲವೆಂದು ಅದು ತೋರಿಸಿತು. ಅಂದು ಮೂರನೆಯ ಸ್ಥಾನಕ್ಕೆ ಬಂದ ಸಿ.ಡಿ. ದೇಶಮುಖರೂ ಮರಾಠಿಯವರೇ ಆಗಿದ್ದರೆಂಬುದನ್ನು ಪ್ರಾಂತ್ಯಾಭಿಮಾನವೇ ಸರ್ವಸ್ವವೆನ್ನುವವರು ನೆನೆಯಬೇಕು.

ಜನಾಭಿಪ್ರಾಯ ನಿಷ್ಫಲವೆನ್ನುವವರಿಗೆ ಪುಣೆಯೇ ಕೊಟ್ಟ ಇನ್ನೊಂದು ಉತ್ತರವಿದೆ. 2012ರಲ್ಲಿ, ಅಧಿಕಾರಾವಧಿ ಮುಗಿಯುವ ಹೊತ್ತಿಗೆ, ಪಾಟೀಲರ ನಿವೃತ್ತ ಜೀವನದ ನಿವಾಸಕ್ಕೆ ಖಡಕಿ ದಂಡುಪ್ರದೇಶದ ರಕ್ಷಣಾ ಭೂಮಿಯನ್ನು ಗೊತ್ತುಮಾಡಲಾಗಿತ್ತು. ನಿವೃತ್ತ ಸೈನಿಕರು ಪ್ರಶ್ನಿಸಿದರು: ಯೋಧರ ಕುಟುಂಬಗಳಿಗೆ ವಸತಿಯ ಕೊರತೆಯಿರುವಾಗ ಇಷ್ಟು ವಿಶಾಲ ನಿವೇಶನವೇಕೆ? ಅವರಾರೂ ರಾಷ್ಟ್ರಪತಿ ಚುನಾವಣೆಯ ಮತದಾರರಲ್ಲ. ಗೆಲ್ಲುತ್ತೇವೆಯೇ ಎಂದು ಲೆಕ್ಕ ಹಾಕುತ್ತ ಕುಳಿತಿದ್ದರೆ ಒಂದು ಅರ್ಜಿಯನ್ನೂ ಬರೆಯುತ್ತಿರಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಪಾಟೀಲರು ಆ ಜಾಗ ಬೇಡವೆಂದು ಪ್ರಕಟಿಸಿದರು. ಅಭಿಪ್ರಾಯಕ್ಕೆ ಮಣಿದದ್ದು ಅವರಿಗೂ ಗೌರವವೇ. ಅಭಿಪ್ರಾಯ ಹೇಳಿದವರಿಗೆ ಇನ್ನೂ ಹೆಚ್ಚಿನ ಗೌರವ.

ಕೊನೆಗೆ, ನಮ್ಮವರು ಹೂಡುವ ಧಾರ್ಮಿಕ ನೆಪವೊಂದಿದೆ: ಅನೇಕಾಂತವನ್ನು ನಂಬುವ ನಾವು ಯಾವ ಪಕ್ಷವನ್ನೂ ಹಿಡಿಯಬಾರದಂತೆ. ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಯಾವ ದೃಷ್ಟಿಯಿಂದ ಈ ಮಾತು ಸತ್ಯ, ಯಾವ ದೃಷ್ಟಿಯಿಂದ ಅಲ್ಲ ಎಂದು ವಿಂಗಡಿಸಿ ಹೇಳುವುದೇ ಸ್ಯಾದ್ವಾದ, ಬಾಯಿ ಮುಚ್ಚಿಕೊಳ್ಳುವುದಲ್ಲ. ಮೊದಲ ಮಹಿಳೆಯೆಂಬ ದೃಷ್ಟಿಯಿಂದ ಆ ಆಯ್ಕೆ ಸ್ವಾಗತಾರ್ಹ, ಅರ್ಹತೆಯ ಚರ್ಚೆಯನ್ನು ಹತ್ತಿಕ್ಕಿದ ದೃಷ್ಟಿಯಿಂದ ಖಂಡನಾರ್ಹ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವನೇ ನಿಜವಾದ ಅನೇಕಾಂತಿ. ಗೆದ್ದವರ ಕಡೆಗೆ ವಾಲುವುದು ಏಕಾಂತವೇ ಸರಿ.

ಆದುದರಿಂದ ಬಂಧುಗಳಲ್ಲಿ ಒಂದು ವಿನಂತಿ. ಪುಣೆ ಜಿಲ್ಲೆಯಲ್ಲಿ 21 ವಿಧಾನಸಭಾ ಕ್ಷೇತ್ರಗಳಿವೆ. ಆ ಶಾಸಕರ ಒಟ್ಟು ಮತಮೌಲ್ಯ 3,675. ಅದರಲ್ಲಿ ಒಂದು 175 ನೀವು ವಾಸಿಸುವ ಕ್ಷೇತ್ರದ್ದು. 2027ರಲ್ಲಿ ಹೆಸರುಗಳು ಪ್ರಕಟವಾದ ವಾರದಲ್ಲಿಯೇ, ಗೆಲ್ಲುವವರಾರೆಂದು ವಾಹಿನಿಗಳು ಸಾರುವ ಮುನ್ನ, ಮನೆಮಂದಿ ಕುಳಿತು ಅಭ್ಯರ್ಥಿಗಳ ಗುಣದೋಷಗಳನ್ನು ತೂಗಿರಿ. ನಿಮ್ಮ ತೀರ್ಮಾನವನ್ನು ಕಾರಣಸಹಿತ ನಿಮ್ಮ ಶಾಸಕರಿಗೆ ಮರಾಠಿಯಲ್ಲಿಯೇ ಬರೆಯಿರಿ, ಕೆಳಗೆ ನಿಮ್ಮ ಪೂರ್ಣ ಹೆಸರು ಹಾಕಿರಿ. ಅವರು ಅದರಂತೆ ನಡೆಯಬಹುದು, ನಡೆಯದಿರಬಹುದು. ಆದರೆ ತಮ್ಮ ಗುಪ್ತಮತವನ್ನು ಯಾರ ಪರವಾಗಿ ಹಾಕುತ್ತಿದ್ದೇವೆಂಬುದು ಅವರಿಗೆ ನೆನಪಾಗುತ್ತದೆ.