ಕೊಲ್ಲೂರು ಘಾಟಿಯಲ್ಲಿ ಸೈಕಲ್ಲಿಗೆ ಎಡೆ ಎಲ್ಲಿ?

ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಈ ಸೇತುವೆ ತುಮರಿ ಸೀಮೆಯ ಜನರ ದಶಕಗಳ ಬವಣೆಯನ್ನು ನೀಗಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಲಿಂಗನಮಕ್ಕಿ ಜಲಾಶಯಕ್ಕೆ ನೆಲ ಬಿಟ್ಟುಕೊಟ್ಟವರು ಆಸ್ಪತ್ರೆಗೂ ಕಚೇರಿಗೂ ಲಾಂಚು ಕಾದು ಹೋಗಬೇಕಿದ್ದ ಕಾಲ ಮುಗಿಯಿತು. ಆದರೆ ಸೇತುವೆಯ ಪರಿಣಾಮ ಸಾಗರ ತಾಲ್ಲೂಕಿನಲ್ಲೇ ಕೊನೆಗೊಳ್ಳುವುದಿಲ್ಲ. ಸಿಗಂದೂರು ಚೌಡೇಶ್ವರಿಯ ದರ್ಶನ ಮುಗಿಸಿ ಕೊಲ್ಲೂರಿಗೆ ಹೊರಟ ಯಾತ್ರಿಕರ ಕಾರು ಈಗ ಎಲ್ಲಿಯೂ ನಿಲ್ಲದೆ ಘಾಟಿಯ ನೆತ್ತಿಗೆ ಬಂದು ತಲುಪುತ್ತದೆ. ಅಲ್ಲಿಂದ ನಾಗೋಡಿ, ಕೊಲ್ಲೂರು, ಬೈಂದೂರು. ಇಷ್ಟು ಕಾಲ ಹಿನ್ನೀರೇ ಒಂದು ಬಗೆಯ ತಡೆಗೋಡೆಯಾಗಿ ಕಾದುಕೊಂಡಿದ್ದ ರಸ್ತೆ ಇದು. ಇನ್ನು ಮುಂದೆ ಅದನ್ನು ಅಗಲ ಮಾಡಿ ಎಂಬ ಬೇಡಿಕೆ ಬಲಗೊಳ್ಳುವುದು ಸಹಜ. ಅಗಲ ಮಾಡುವುದಾದರೆ ಯಾರಿಗಾಗಿ, ಎಷ್ಟು, ಎಲ್ಲಿ ಎಂದು ಕೇಳಬೇಕಾದದ್ದು ಈಗಲೇ.

ಈ ಪ್ರಶ್ನೆಯನ್ನು ಸೈಕಲ್ಲಿನ ಮೇಲೆ ಕುಳಿತು ಕೇಳುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಹಾಗೆ ನೋಡಿದರೆ, ಸೈಕಲ್ಲಿನ ಮೇಲೆ ಕುಳಿತವರಿಗೆ ಮಾತ್ರ ಈ ಸೀಮೆಯ ಭೂಗೋಳ ಪೂರ್ತಿಯಾಗಿ ಅರ್ಥವಾಗುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ. ಕೊಡಚಾದ್ರಿಯ ಮಡಿಲಲ್ಲಿ ಹುಟ್ಟಿ, ಕೊಲ್ಲೂರನ್ನು ಬಳಸಿ ಬಂದ ನದಿ ಕಡಲಿನಿಂದ ಒಂದು ರಸ್ತೆಯಷ್ಟೇ ದೂರದವರೆಗೆ ಬಂದು, ಅಲ್ಲಿ ಸೇರದೆ ತಿರುಗಿ ಹೋಗುತ್ತದೆ. ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿಯರನ್ನು ಕೂಡಿಕೊಂಡ ಮೇಲೆಯೇ ಸಮುದ್ರಕ್ಕೆ ಇಳಿಯುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದ ಕಾರಿನಲ್ಲಿ ಇದು ಎರಡು ನಿಮಿಷದ ನೋಟ, ಒಂದು ಸೆಲ್ಫಿ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ವಂಡ್ಸೆ, ಚಿತ್ತೂರು, ಜಡ್ಕಲ್ ಹಾದಿ ಹಿಡಿದ ಸೈಕಲ್ ಸವಾರನಿಗೆ ಮಾತ್ರ ಗದ್ದೆ ಮುಗಿದು ಅಡಿಕೆ ತೋಟ ಯಾವಾಗ ಬಂತು, ತೋಟ ಮುಗಿದು ಕಾಡು ಯಾವಾಗ ಹಿಡಿಯಿತು ಎಂಬುದನ್ನು ಕಾಲಿನ ಸ್ನಾಯುಗಳೇ ತಿಳಿಸುತ್ತವೆ. ಬೈಂದೂರಿನ ಸೋಮೇಶ್ವರ ಕಡಲತಡಿಯಲ್ಲಿ ಚಕ್ರ ತೋಯಿಸಿಕೊಂಡು ಹೊರಟವನು ಸಿಗಂದೂರು ಸೇತುವೆ ತಲುಪುವ ಹೊತ್ತಿಗೆ ಐನೂರೈವತ್ತು ಮೀಟರಿಗೂ ಹೆಚ್ಚು ಏರಿರುತ್ತಾನೆ. ಏಕೆಂದರೆ ಲಿಂಗನಮಕ್ಕಿಯ ಪೂರ್ಣ ಮಟ್ಟವೇ 1819 ಅಡಿ. ಇಂತಹ ದಾರಿಗಾಗಿ ಜನ ವಿಮಾನವೇರಿ ಪರದೇಶಕ್ಕೆ ಹೋಗುತ್ತಾರೆ.

ಅತಿಶಯೋಕ್ತಿಯಲ್ಲ. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಗುಂಟ ಸಾಗುವ ಸುಮಾರು ಮುನ್ನೂರು ಕಿಲೋಮೀಟರಿನ ಸೈಕಲ್ ಹಾದಿ ಲೋಕಪ್ರಸಿದ್ಧ. ಅದು ಹಾಯುವ ವಾಖಾವ್ ಕಣಿವೆಯ ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿತೋಟಗಳು. ಊರೂರಿಗೂ ದ್ರಾಕ್ಷಾರಸದ ಅಂಗಡಿಗಳು. ಗಮನಿಸಬೇಕಾದದ್ದು ದ್ರಾಕ್ಷಾರಸವನ್ನಲ್ಲ, ಹಾದಿಯನ್ನು. ಹಿಂದೆ ದೋಣಿಗಳಿಗೆ ಹಗ್ಗ ಕಟ್ಟಿ ಕುದುರೆಗಳಿಂದ ಎಳೆಸುತ್ತಿದ್ದ ನದಿದಂಡೆಯ ಜಾಡನ್ನೇ ಅದರ ಬಹುಭಾಗಕ್ಕೆ ಬಳಸಿಕೊಂಡಿದ್ದಾರೆ. ಕಾಡು ಕಡಿದು ಮಾಡಿದ್ದಲ್ಲ. ಇದ್ದುದನ್ನು ಲಾರಿಗಳಿಗೆ ಬಿಟ್ಟುಕೊಡದೆ ಉಳಿಸಿಕೊಂಡದ್ದು. ನಮ್ಮಲ್ಲಿಯೂ 2007ರಲ್ಲಿ ರಾಜ್ಯ ದ್ರಾಕ್ಷಾರಸ ನೀತಿ ಬಂತು, ನಂದಿ ಕಣಿವೆಯ ಹೆಸರು ಬಾಟಲಿಯ ಮೇಲೆ ಏರಿತು. ಅದೇ ನಂದಿಬೆಟ್ಟವನ್ನು ಏರಲು ಬೆಂಗಳೂರಿನ ಸೈಕಲ್ ಪ್ರಿಯರು ವಾರಾಂತ್ಯದ ನಸುಕಿನಲ್ಲಿ ಹೊರಡುತ್ತಾರೆ. ಲಾರಿಗಳು ರಸ್ತೆಗೆ ಇಳಿಯುವ ಮುನ್ನ ಮರಳಬೇಕೆಂಬುದು ಆ ನಸುಕಿನ ಒಂದು ಕಾರಣ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ನಂತಹ ಯಾನಗಳೂ, ಹದಿಮೂರೂವರೆ ಗಂಟೆಯಲ್ಲಿ 200 ಕಿಲೋಮೀಟರ್ ಪೂರೈಸಬೇಕಾದ ಬ್ರೆವೆ ಎಂಬ ದೀರ್ಘ ಸವಾರಿಗಳೂ ಈ ರಾಜ್ಯದಲ್ಲಿ ಬೇರು ಬಿಟ್ಟಿವೆ. ಸವಾರರ ಕೊರತೆಯಿಲ್ಲ.

ಇರಲಿ, ಗೇರ್ ಸೈಕಲ್ಲಿನ ಹವ್ಯಾಸಿಗಳಿಗಾಗಿ ಸರ್ಕಾರ ರಸ್ತೆ ಕಟ್ಟಬೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬೈಂದೂರು ತಾಲ್ಲೂಕಿನಲ್ಲಿ ಸೈಕಲ್ ಯಾರದಾಗಿತ್ತು ಎಂಬುದನ್ನು ನೆನೆಯಬೇಕು. ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತ ಮನೆ ಮನೆಗೆ ಬರುತ್ತಿದ್ದ ಮೀನು ಮಾರುವವರದು; ಅವರು ಬಳಿಕ ಎಂ-80ಕ್ಕೆ ಬಡ್ತಿ ಪಡೆದರು. ಹಂಚಿನ ಕಾರ್ಖಾನೆಯ ಕೆಲಸಗಾರನದು. ಇತ್ತೀಚೆಗೆ ಪ್ರೌಢಶಾಲೆಯ ಮಕ್ಕಳದು. 2006–07ರಲ್ಲಿ ಆರಂಭವಾದ ಎಂಟನೆಯ ತರಗತಿಯ ಉಚಿತ ಸೈಕಲ್ ಯೋಜನೆ ಹಳ್ಳಿಯ ಹುಡುಗಿಯರ ಕೈಗೆ ಮೊತ್ತಮೊದಲ ಬಾರಿಗೆ ಒಂದು ಸ್ವಂತ ವಾಹನವನ್ನು ಕೊಟ್ಟಿತು. ಕೋವಿಡ್ ಕಾಲದಲ್ಲಿ, 2020–21ರಲ್ಲಿ, ವಿತರಣೆ ನಿಂತಿತು. ಅದೇ 2006ರಲ್ಲಿ ಬಿಹಾರ ಆರಂಭಿಸಿದ ಇಂತಹುದೇ ಯೋಜನೆಯನ್ನು ಪರಿಶೀಲಿಸಿ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದೂ, ಈ ಲಾಭ ಹೆಚ್ಚಾಗಿ ದಕ್ಕಿದ್ದು ಶಾಲೆಯಿಂದ ಮೂರು ಕಿಲೋಮೀಟರಿಗೂ ದೂರದ ಹಳ್ಳಿಗಳಿಗೆಂದೂ ತೋರಿಸಿತು. ನಮ್ಮಲ್ಲಿ 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವಿದೆ ನಿಜ; ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳೇ ಜನಜೀವನದ ಆಧಾರವಾಗಿರುವ ಕರಾವಳಿಯಲ್ಲಿ, ಮುಖ್ಯರಸ್ತೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿರುವ ಮನೆಯ ಹುಡುಗಿಗೆ ಅದರ ಪ್ರಯೋಜನ ಎಷ್ಟೆಂದು ಹೇಳಬೇಕಿಲ್ಲ.

ಈ ಹುಡುಗಿಗೂ ಆ ಹವ್ಯಾಸಿಗೂ ಬೇಕಾದದ್ದು ಒಂದೇ: ರಸ್ತೆಯಂಚಿನಲ್ಲಿ ಡಾಂಬರು ಹಾಕಿದ, ಗುಂಡಿಯಿಲ್ಲದ ಒಂದೂವರೆ ಮೀಟರ್ ಜಾಗ. ಅದು ಏಕೆ ಸಿಗುತ್ತಿಲ್ಲ? ದುಡ್ಡಿಲ್ಲದೆ ಅಲ್ಲ. ನಮ್ಮ ರಸ್ತೆಗಳು ರೂಪುಗೊಳ್ಳುವ ಲೆಕ್ಕಾಚಾರದಲ್ಲಿಯೇ ಒಂದು ದೋಷವಿದೆ. ಸೈಕಲ್ ಪಥ ಯಾವಾಗ ಬೇಕೆಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ 1962ರಷ್ಟು ಹಿಂದೆಯೇ ಸೂತ್ರವೊಂದನ್ನು ನೀಡಿತ್ತು. ಗಂಟೆಗೆ ಇನ್ನೂರಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡುವ ದಾರಿಯಲ್ಲಿ ನೂರು ಸೈಕಲ್ಲುಗಳಿದ್ದರೂ ಪ್ರತ್ಯೇಕ ಪಥ ಸಮರ್ಥನೀಯ. ಮೋಟಾರು ವಾಹನಗಳು ಅದಕ್ಕಿಂತ ಕಡಿಮೆಯಿದ್ದರೆ ನಾನೂರು ಸೈಕಲ್ಲುಗಳಾದರೂ ಬೇಕು. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಆದರೆ ಎಣಿಸುವುದು ಇಂದು ರಸ್ತೆಯ ಮೇಲಿರುವ ಸೈಕಲ್ಲುಗಳನ್ನು. ಲಾರಿಯ ಭಯಕ್ಕೆ ಮನೆಯ ಜಗಲಿಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲು ಎಣಿಕೆಗೆ ಬರುವುದಿಲ್ಲ. ಹೊಳೆ ದಾಟಲು ಎಷ್ಟು ಜನ ಈಜುತ್ತಿದ್ದಾರೆ ಎಂದು ಎಣಿಸಿ ಯಾರಾದರೂ ಸೇತುವೆ ಕಟ್ಟುತ್ತಾರೆಯೆ? ಕಳಸವಳ್ಳಿಯ ಸೇತುವೆಯನ್ನೂ ಹಾಗೆ ಕಟ್ಟಲಿಲ್ಲ.

ಇದರ ಪರಿಣಾಮವನ್ನು ನೋಡಲು ದೂರ ಹೋಗಬೇಕಿಲ್ಲ. ಹಿಂದೆ 17 ಎಂದು ಕರೆಯಲಾಗುತ್ತಿದ್ದ, ಈಗ 66 ಆಗಿರುವ ರಾಷ್ಟ್ರೀಯ ಹೆದ್ದಾರಿ ಚತುಷ್ಪಥವಾದ ಮೇಲೆ ಕುಂದಾಪುರದಿಂದ ಶಿರೂರಿನವರೆಗೆ ಊರುಗಳು ಎರಡಾಗಿ ಸೀಳಿಹೋದವು. ಸರ್ವಿಸ್ ರಸ್ತೆ ಪೇಟೆಯಿದ್ದಲ್ಲಿ ಉಂಟು, ಪೇಟೆ ಮುಗಿದಲ್ಲಿ ಮಾಯ. ವಿಭಜಕದಲ್ಲಿ ದಾರಿ ಸಿಗುವವರೆಗೆ ಕಿಲೋಮೀಟರ್ ಹೋಗಿ ತಿರುಗಿ ಬರಲು ಕಾರಿಗೆ ಒಂದು ನಿಮಿಷ ಸಾಕು. ಪೆಡಲ್ ತುಳಿಯುವವನಿಗೆ ಸಾಲದು. ಆದ್ದರಿಂದ ಅವನು ಎದುರು ದಿಕ್ಕಿನಲ್ಲಿ, ಅಂಚಿಗೆ ಒತ್ತಿಕೊಂಡು ಬರುತ್ತಾನೆ. ನಾವು ಅದನ್ನು ಅಶಿಸ್ತು ಎನ್ನುತ್ತೇವೆ. ಒತ್ತಿನೆಣೆಯ ಬಳಿ ಗುಡ್ಡವನ್ನು ಕಡಿದಾಗಿ ಕತ್ತರಿಸಿದ್ದರಿಂದ ಮಳೆಗಾಲದಲ್ಲಿ ಮಣ್ಣು ಜರಿದು ರಸ್ತೆಗೆ ಬಂದದ್ದನ್ನೂ ಬೈಂದೂರಿನವರು ಕಂಡಿದ್ದಾರೆ. 2024ರ ಜುಲೈಯಲ್ಲಿ ಇದೇ ಹೆದ್ದಾರಿಯಲ್ಲಿ ಅಂಕೋಲೆಯ ಶಿರೂರಿನ ಗುಡ್ಡ ಕುಸಿದು (ಹೆಸರೊಂದೇ, ಊರು ಬೇರೆ) ಜೀವಹಾನಿಯಾದ ಮೇಲಂತೂ ಅಗಲೀಕರಣವೆಂಬ ಪದವನ್ನು ಕರಾವಳಿಯ ಯಾರೂ ನಿಶ್ಚಿಂತೆಯಿಂದ ಉಚ್ಚರಿಸಲಾರರು.

ಬೈಂದೂರಿನಿಂದ ಕೊಲ್ಲೂರು, ನಾಗೋಡಿ, ಹೊಸನಗರದ ಮೂಲಕ ರಾಣೆಬೆನ್ನೂರಿಗೆ ಹೋಗುವ 766ಸಿ ಕೂಡ ರಾಷ್ಟ್ರೀಯ ಹೆದ್ದಾರಿಯೇ. ಆದರೆ ಅದು 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿಧಾಮದ ನಡುವೆ ಹಾಯುತ್ತದೆ. ಆದ್ದರಿಂದ ಇಡೀ ದಾರಿಗೆ ಒಂದೇ ಅಳತೆಕೋಲು ಹಿಡಿಯುವುದು ತಪ್ಪು. ಬೈಂದೂರಿನಿಂದ ಕೊಲ್ಲೂರಿನ ತನಕದ ಮೂವತ್ತು ಕಿಲೋಮೀಟರಿನ ಒಳಗಿನ ಭಾಗದಲ್ಲಿ ಮನೆಗಳಿವೆ, ಶಾಲೆಗಳಿವೆ. ಏಳು ಮೀಟರ್ ಓಡುದಾರಿ, ಇಬ್ಬದಿಗೂ ತಲಾ ಒಂದೂವರೆ ಮೀಟರ್ ಗಟ್ಟಿ ಅಂಚು ಎಂಬುದು ಹೆದ್ದಾರಿಯ ಚಾಲ್ತಿ ಮಾನದಂಡದಲ್ಲಿಯೇ ಇದೆ. ಆ ಅಂಚನ್ನು ಪೂರ್ಣವಾಗಿ ಮಾಡಿ, ಮೋರಿ ಬಂದಲ್ಲಿ ಕಿರಿದು ಮಾಡದೆ, ವಾಹನ ನಿಲುಗಡೆಗೆ ಬಿಟ್ಟುಕೊಡದೆ, ಬಿಳಿ ಗೆರೆ ಎಳೆದು ಉಳಿಸಿದರೆ ಪ್ರತ್ಯೇಕ ಸೈಕಲ್ ಪಥದ ವೆಚ್ಚವೂ ಬೇಡ. ಕೊಲ್ಲೂರಿನಿಂದ ಮೇಲಕ್ಕೆ, ಘಾಟಿಯಲ್ಲಿ, ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಒಂದು ಮರವನ್ನೂ ಕಡಿಯದೆ, ಗುಡ್ಡದ ಬುಡ ಮುಟ್ಟದೆ, ವೇಗವನ್ನು ಇಳಿಸುವುದು. ಘಾಟಿ ಏರುವ ಸೈಕಲ್ಲಿನ ವೇಗ ಗಂಟೆಗೆ ಎಂಟು ಹತ್ತು ಕಿಲೋಮೀಟರ್. ಅದರ ಹಿಂದೆ ಒಂದು ತಿರುವಿನಷ್ಟು ದೂರ ತಾಳ್ಮೆಯಿಂದ ಬರಬೇಕಾದ ಕಾರಿಗೆ ನಷ್ಟವಾಗುವುದು ಅರ್ಧ ನಿಮಿಷ. ದೇವಿಯ ದರ್ಶನಕ್ಕೆ ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲಲು ಸಿದ್ಧವಿರುವ ಭಕ್ತನಿಗೆ ಇದು ದೊಡ್ಡ ತ್ಯಾಗವಲ್ಲ.

ವೇಗವನ್ನು ತಗ್ಗಿಸಲಾಗದಿದ್ದರೆ ಸೈಕಲ್ಲನ್ನೇ ನಿಷೇಧಿಸುವುದು ಇನ್ನೊಂದು ದಾರಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆಯಾದರೂ ಇದೆ. ಕೊಲ್ಲೂರು ದಾರಿಯಲ್ಲಿ ಪಕ್ಕದಲ್ಲಿರುವುದು ಒಂದೆಡೆ ಗುಡ್ಡ, ಇನ್ನೊಂದೆಡೆ ಕಣಿವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,000ಕ್ಕೂ ಹೆಚ್ಚು ಮಂದಿಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಸೈಕಲ್ ಸವಾರರಿದ್ದರು. ಅವರು ಯಾರನ್ನೂ ಕೊಲ್ಲುವ ವೇಗದಲ್ಲಿ ಹೋಗುತ್ತಿರಲಿಲ್ಲ.

ಬೈಂದೂರು 2018ರಲ್ಲಿ ತಾಲ್ಲೂಕಾಯಿತು. ಕೊಂಕಣ ರೈಲ್ವೆಯ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಬೈಂದೂರು ಎಂದೇ ಹೆಸರಿದೆ. ಸೈಕಲ್ಲನ್ನು ರೈಲಿನ ಲಗೇಜು ಡಬ್ಬಿಗೆ ಹಾಕಿ ಬಂದಿಳಿಯುವವನಿಗೆ ಅಲ್ಲಿಂದಲೇ ದಾರಿ ತೆರೆದುಕೊಳ್ಳುತ್ತದೆ. ಒಂದು ಸೈಕಲ್ ರಿಪೇರಿ ಅಂಗಡಿ, ನಡುನಡುವೆ ಬಿಸಿ ಚಾ ಮತ್ತು ಗೋಳಿಬಜೆ ಸಿಗುವ ಹೋಟೆಲುಗಳು: ಪ್ರವಾಸೋದ್ಯಮಕ್ಕೆ ಬೇಕಾದ ಸರಕು ಇಷ್ಟೇ. ರೆಸಾರ್ಟು ಬೇಡ, ರೋಪ್‌ವೇ ಬೇಡ. ರಸ್ತೆ ಸುಧಾರಣೆಯ ಯೋಜನಾ ವರದಿಗಾಗಿ ವಾಹನ ಎಣಿಸಲು ಜನ ಬಂದಾಗ, ಅವರಲ್ಲಿ ಒಬ್ಬನನ್ನಾದರೂ ಶಾಲೆ ಬಿಡುವ ಹೊತ್ತಿಗೆ ಗೋಳಿಹೊಳೆಯ ಸುತ್ತಿನ ಒಂದು ಪ್ರೌಢಶಾಲೆಯ ಗೇಟಿನಲ್ಲಿ ನಿಲ್ಲಿಸಲಿ. ಮನೆಯಲ್ಲಿ ಸೈಕಲ್ ಇದ್ದೂ ನಡೆದು ಹೋಗುವ ಮಕ್ಕಳೆಷ್ಟು ಎಂದು ಕೇಳಿ, ಆ ಸಂಖ್ಯೆಯನ್ನೂ ಅದೇ ಕೋಷ್ಟಕದಲ್ಲಿ ಬರೆದುಕೊಳ್ಳಲಿ.