ಅನುಬಂಧದಲ್ಲಿ ಉಳಿದವರು

ಕಳೆದ ವರ್ಷ ಒಂದು ಕಾಲೇಜಿನ ಸಭಾಂಗಣದಲ್ಲಿ ಎವರೆಸ್ಟ್ ಹತ್ತಿ ಬಂದವರೊಬ್ಬರ ಭಾಷಣವಿತ್ತು. ಪರದೆಯ ಮೇಲೆ ಒಂದರ ಹಿಂದೊಂದು ಚಿತ್ರ: ನೀಲಿ ಆಕಾಶ, ಹಿಮದ ಏಣು, ಕೆಂಪು ಜಾಕೆಟ್ಟು, ಕೈಯಲ್ಲಿ ಬಾವುಟ. ನಡುನಡುವೆ ಮನಸ್ಸಿದ್ದರೆ ಮಾರ್ಗ, ಛಲವಿದ್ದರೆ ಶಿಖರ ಎಂಬ ಮಾತುಗಳು. ಕೊನೆಗೆ ಪ್ರಶ್ನೋತ್ತರ. ಹಿಂದಿನ ಸಾಲಿನಿಂದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ನಿಮ್ ಲಗೇಜು ಯಾರು ಹೊತ್ರು?" ಎಂದು ಕೇಳಿದಳು. ಸಭೆ ಗೊಳ್ಳೆಂದು ನಕ್ಕಿತು. ಭಾಷಣಕಾರರೂ ನಕ್ಕು, "ಅದಕ್ಕೆಲ್ಲ ಶೆರ್ಪಾಗಳು ಇರ್ತಾರಮ್ಮ, ಕಂಪನಿಯವರೇ ವ್ಯವಸ್ಥೆ ಮಾಡಿರ್ತಾರೆ" ಎಂದರು. ಮುಂದಿನ ಪ್ರಶ್ನೆ ಅಲ್ಲಿನ ಚಳಿಯ ಬಗ್ಗೆ. ಹುಡುಗಿ ಕೂತುಬಿಟ್ಟಳು. ನಕ್ಕವರಲ್ಲಿ ನಾನೂ ಇದ್ದೆ. ಈ ಲೇಖನ ಆ ನಗುವಿನ ವಿರುದ್ಧ ಬರೆದದ್ದು. ಹಾಗಾಗಿ ನನ್ನ ವಿರುದ್ಧವೂ ಹೌದು.

ಅವತ್ತು ಆ ಸಭೆಯಲ್ಲಿ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು ಎಂದು ನನಗೀಗ ಅನ್ನಿಸುತ್ತದೆ. ಎಂಟು ಸಾವಿರ ಮೀಟರ್ ದಾಟಿದ ಬೆಟ್ಟಕ್ಕೆ ತಂಡ ಕಟ್ಟಿಕೊಂಡು ಹೋಗುವುದು ಮೊದಲಿಗೆ ಸಾಗಣೆಯ ಕೆಲಸ, ಏರುವುದು ಆಮೇಲಿನ ಮಾತು. ನೇಪಾಳದ ಕಡೆಯಿಂದ ಎವರೆಸ್ಟ್ ಹತ್ತುವವರ ಬೇಸ್ ಕ್ಯಾಂಪ್ ಇರುವುದೇ ಸುಮಾರು 5,364 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಡೇರೆ, ಒಲೆ, ಗ್ಯಾಸು, ಅಕ್ಕಿ, ಬೇಳೆ, ಹಗ್ಗ, ಆಮ್ಲಜನಕದ ಸಿಲಿಂಡರು ಎಲ್ಲವೂ ಹೋಗಬೇಕು. ಯಾಕ್‌ಗಳ ಮೇಲೆ ಒಂದಿಷ್ಟು, ಮನುಷ್ಯರ ಬೆನ್ನ ಮೇಲೆ ಒಂದಿಷ್ಟು. ಅಲ್ಲಿಂದ ಮೇಲಕ್ಕೆ ಖುಂಬು ಹಿಮಪಾತ. ಹೆಸರಿನಲ್ಲಿ ಪಾತವಿದ್ದರೂ ಅದು ನಿಧಾನವಾಗಿ ಜಾರುತ್ತಲೇ ಇರುವ ಮಂಜುಗಡ್ಡೆಯ ರಾಶಿ. ಪ್ರತಿ ವಸಂತದಲ್ಲೂ ಮಿಕ್ಕೆಲ್ಲರಿಗಿಂತ ಮೊದಲು ಅದರೊಳಗೆ ಹೋಗಿ, ಬಿರುಕುಗಳಿಗೆ ಅಲ್ಯೂಮಿನಿಯಂ ಏಣಿ ಹಾಸಿ, ಹಗ್ಗ ಕಟ್ಟಿ ದಾರಿ ಮಾಡುವ ಕೆಲಸಗಾರರಿದ್ದಾರೆ. ಅವರನ್ನು ಅಲ್ಲಿ 'ಐಸ್‌ಫಾಲ್ ಡಾಕ್ಟರ್' ಎನ್ನುತ್ತಾರೆ. ಅದನ್ನು ದಾಟಿದ ಮೇಲೆ ನಾಲ್ಕು ಶಿಬಿರಗಳು. ದುಡ್ಡು ಕೊಟ್ಟು ಬಂದ ಆರೋಹಿ ಹವೆಗೆ ಒಗ್ಗಿಕೊಳ್ಳಲೆಂದು ಹಿಮಪಾತವನ್ನು ಕೆಲವು ಸಲ ದಾಟುತ್ತಾನೆ. ಅವನಿಗೆ ಬೇಕಾದ ಸಾಮಾನು ಹೊತ್ತವನು ಅದಕ್ಕಿಂತ ಎಷ್ಟೋ ಹೆಚ್ಚು ಸಲ ದಾಟುತ್ತಾನೆ. ಇಬ್ಬರ ತಲೆಯ ಮೇಲೂ ತೂಗುವ ಮಂಜುಗಡ್ಡೆ ಒಂದೇ, ಅದರಡಿ ಕಳೆಯುವ ಗಂಟೆಗಳು ಮಾತ್ರ ಬೇರೆ.

1953ರ ಬ್ರಿಟಿಷ್ ತಂಡವನ್ನೇ ನೋಡಿ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಎರಡು ಹೆಸರು, ಒಂದು ದಿನಾಂಕ: ಎಡ್ಮಂಡ್ ಹಿಲರಿ, ತೇನ್‌ಸಿಂಗ್ ನೋರ್ಗೆ, ಮೇ 29. ಆ ಇಬ್ಬರು ತುದಿ ಮುಟ್ಟಲು 350ಕ್ಕೂ ಹೆಚ್ಚು ಹೊರೆಯಾಳುಗಳು ಕಠ್ಮಂಡು ಕಣಿವೆಯಿಂದ ಎರಡು ವಾರಕ್ಕೂ ಮಿಕ್ಕಿ ನಡೆದು ಸಾಮಾನು ಸಾಗಿಸಿದ್ದರು. ಬೆಟ್ಟದ ಮೇಲಿನ ಕೆಲಸಕ್ಕೆ ಶೆರ್ಪಾಗಳ ಬೇರೆಯೇ ಪಡೆಯಿತ್ತು. ಕೊನೆಯ ಶಿಬಿರಕ್ಕೆ ಬೇಕಾದ ಸರಕಿನಲ್ಲಿ ಒಂದಿಷ್ಟನ್ನು ಮೇ 26ರಂದು ತಂಡದ ನಾಯಕ ಜಾನ್ ಹಂಟ್ ಮತ್ತು ದಾ ನಾಮ್‌ಗ್ಯಾಲ್ ಹೊತ್ತು, ಏಣಿನ ಮೇಲೆ ಇಟ್ಟು ಬಂದರು. 28ರಂದು ಜಾರ್ಜ್ ಲೋವ್, ಆಲ್ಫ್ರೆಡ್ ಗ್ರೆಗರಿ, ಆಂಗ್ ನೀಮಾ ಮೂವರೂ ಹಿಲರಿ ಮತ್ತು ತೇನ್‌ಸಿಂಗರ ಜೊತೆ ಹೊರೆ ಹಂಚಿಕೊಂಡು ಸುಮಾರು 8,500 ಮೀಟರ್‌ವರೆಗೆ ಹೋಗಿ, ಸಾಮಾನು ಇಳಿಸಿ, ಹಿಂದಿರುಗಿದರು. ಆ ರಾತ್ರಿ ಇಬ್ಬರು ತಂಗಿದ ಡೇರೆ ತಾನಾಗಿ ಹತ್ತಿ ಬಂದಿರಲಿಲ್ಲ. ದಾ ನಾಮ್‌ಗ್ಯಾಲ್, ಆಂಗ್ ನೀಮಾ ಎಂಬ ಹೆಸರುಗಳನ್ನು ನಾನು ಮೊದಲು ಓದಿದ್ದು ಸಂಶೋಧನೆಗೆ ಸೇರಿದ ಮೇಲೆ, ಇಪ್ಪತ್ತೈದು ದಾಟಿದ ವಯಸ್ಸಿನಲ್ಲಿ.

ಇಳಿದು ಬಂದ ಮೇಲೆ ಏನಾಯಿತು ಎಂಬುದೂ ದಾಖಲಾಗಿದೆ. ಹಂಟ್ ಮತ್ತು ಹಿಲರಿಗೆ 'ಸರ್' ಪದವಿ, ತೇನ್‌ಸಿಂಗರಿಗೆ ಜಾರ್ಜ್ ಪದಕ. ಅದಕ್ಕೂ ಮೊದಲು, ಬೆಟ್ಟದ ಕಡೆ ಹೊರಡುವಾಗಲೇ, ಕಠ್ಮಂಡುವಿನ ಬ್ರಿಟಿಷ್ ದೂತಾವಾಸದಲ್ಲಿ ಶೆರ್ಪಾಗಳಿಗೆ ಮಲಗಲು ಕೊಟ್ಟದ್ದು ಗ್ಯಾರೇಜನ್ನು. ಅಲ್ಲಿ ಶೌಚಾಲಯವಿರಲಿಲ್ಲ. ಬೆಳಿಗ್ಗೆ ಅವರು ಅದರ ಎದುರಿಗೇ ಮೂತ್ರ ಮಾಡಿ ತಮ್ಮ ಪ್ರತಿಭಟನೆ ತೋರಿಸಿದರು. ಜಗತ್ತು ಮಾತ್ರ ತುದಿಯ ಮೇಲೆ ಮೊದಲು ಕಾಲಿಟ್ಟವರು ಯಾರು ಎಂದು ವರ್ಷಗಟ್ಟಲೆ ಜಗಳವಾಡಿತು. ಹಿಲರಿಯೇ ಮೊದಲು ಎಂದು ತೇನ್‌ಸಿಂಗ್ ತಮ್ಮ ಆತ್ಮಕಥೆಯಲ್ಲಿ ಹೇಳಿ ಆ ಜಗಳ ಮುಗಿಸಿದರು. ಗ್ಯಾರೇಜಿನ ಜಗಳವನ್ನು ಯಾರೂ ಅಷ್ಟು ಹಚ್ಚಿಕೊಳ್ಳಲಿಲ್ಲ.

ಆದರೂ ಹಂಟ್‌ಗೆ ಸಲ್ಲಬೇಕಾದ ಒಂದು ಮಾತಿದೆ. ಅದೇ ವರ್ಷ ಬಂದ ಅವರ ಪುಸ್ತಕದ ಕೊನೆಗೆ ಸಲಕರಣೆ, ಆಮ್ಲಜನಕ, ಆಹಾರ ಮುಂತಾದವುಗಳ ಅನುಬಂಧಗಳಿವೆ. ಹಳೆಯ ಆರೋಹಣ ಗ್ರಂಥಗಳಲ್ಲಿ ಇದೊಂದು ರೂಢಿ. ವಸಾಹತು ಕಾಲದ ಆ ಬರಹಗಾರರು ಹೊತ್ತವರನ್ನು ಕಥೆಯ ನಡುವಿಗೆ ಬಿಟ್ಟುಕೊಂಡದ್ದು ಕಡಿಮೆ, ನಿಜ. ಆದರೆ ತಾವು ಬೆಟ್ಟಕ್ಕೆ ಏನೇನು ಕೊಂಡೊಯ್ದೆವು ಎಂಬ ಲೆಕ್ಕವನ್ನಾದರೂ ಪುಸ್ತಕದ ಬಾಲಕ್ಕೆ ಕಟ್ಟಿದರು. ಆ ಲೆಕ್ಕ ಹಿಡಿದು ಹುಡುಕಿದರೆ ಹೊತ್ತ ಬೆನ್ನುಗಳು ಸಿಗುತ್ತವೆ. ಇವತ್ತಿನ ಸ್ಫೂರ್ತಿ ಭಾಷಣಗಳು, ಪೋಸ್ಟುಗಳು, ನಮ್ಮ ಪ್ರವಾಸ ಲೇಖನಗಳು ಆ ಅನುಬಂಧವನ್ನೂ ಕತ್ತರಿಸಿ ಎಸೆದಿವೆ. ಕನ್ನಡದಲ್ಲಿ ಅನುಬಂಧ ಎಂದರೆ ನಂಟು ಎಂಬ ಅರ್ಥವೂ ಇದೆ. ಕತ್ತರಿಸಿದ್ದು ಅದನ್ನೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನನ್ನ ಪಿಎಚ್‌ಡಿ ವಿಷಯ ಕನ್ನಡದ ಪ್ರವಾಸ ಕಥನ. ಎಂ.ಎ. ಮುಗಿಸಿದ ವರ್ಷ ಗೆಳೆಯರ ಜೊತೆ ಸಿಕ್ಕಿಮಿನ ಯುಕ್ಸೋಮ್‌ನಿಂದ ಗೋಚಾ ಲಾ ಕಡೆಗೆ ಚಾರಣ ಹೋಗಿದ್ದೆ. ಕಾಂಚನಜುಂಗಾ ನೋಡಿ ಬಂದವನು ಒಂದು ಲೇಖನ ಬರೆದೆ. ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು, ಮೆಚ್ಚುಗೆಯೂ ಬಂತು. ಆ ಭಾಷಣ ಕೇಳಿ ಬಂದ ರಾತ್ರಿ ಅದನ್ನು ತೆಗೆದು ಓದಿದೆ. "ಮಧ್ಯಾಹ್ನ ಶಿಬಿರ ತಲುಪುವಷ್ಟರಲ್ಲಿ ಡೇರೆಗಳು ಎದ್ದಿದ್ದವು. ಬಿಸಿ ಚಹಾ ಬಂತು." ಇದು ನನ್ನದೇ ವಾಕ್ಯ. ಡೇರೆ ತಾನೇ ಎದ್ದಿತು, ಚಹಾ ತಾನೇ ನಡೆದು ಬಂತು! ನಮ್ಮ ಭಾಷೆ ಕೊಡುವ ಸೌಕರ್ಯ ಇದು. ಊಟ ಆಯಿತು, ದಾರಿ ಬಿತ್ತು, ಹಗ್ಗ ಬಿಗಿದಿತ್ತು ಎಂದು ಕರ್ತೃವನ್ನೇ ಹೇಳದೆ ಪುಟಗಟ್ಟಲೆ ಬರೆಯಬಹುದು. ಅದೇ ಲೇಖನದಲ್ಲಿ "ನಾನು" ಎಂಬ ಪದ ಮಾತ್ರ ಎಪ್ಪತ್ತಕ್ಕೂ ಹೆಚ್ಚು ಸಲ ಬಂದಿದೆ, ಕೂತು ಎಣಿಸಿದೆ. ನಮಗಿಂತ ತಡವಾಗಿ ಹೊರಟು, ನಮ್ಮನ್ನು ದಾಟಿ ಹೋಗಿ, ನಾವು ಏದುಸಿರು ಬಿಡುತ್ತ ತಲುಪುವ ಮೊದಲು ಒಲೆ ಹಚ್ಚಿದ ಅಡುಗೆಯವರು, ನಮ್ಮ ಚೀಲ ಹೇರಿದ್ದ ಜೋಗಳನ್ನು ಹೊಡೆದುಕೊಂಡು ಬಂದವರು, ಒಂದು ವಾಕ್ಯಕ್ಕೂ ಕರ್ತೃಗಳಾಗಲಿಲ್ಲ.

ಇದು ಬರೀ ವ್ಯಾಕರಣದ ತಗಾದೆಯಲ್ಲ. ಯಾರು ಬರೆಯುತ್ತಾರೆ ಎಂಬುದರ ಮೇಲೆ ಯಾರಿಗೆ ನ್ಯಾಯ ಸಿಗುತ್ತದೆ ಎಂಬುದು ನಿಂತಿದೆ. 1954ರಲ್ಲಿ ಇಟಲಿಯ ತಂಡ ಕೆ2 ಶಿಖರವನ್ನು ಮೊದಲ ಬಾರಿಗೆ ಹತ್ತಿತು. ತುದಿ ಮುಟ್ಟಿದವರು ಕೊಂಪಾನ್ಯೋನಿ ಮತ್ತು ಲಾಚೆಡೆಲ್ಲಿ. ಅವರಿಗೆ ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತೊಯ್ದವರು ವಾಲ್ಟರ್ ಬೊನಾಟ್ಟಿ ಮತ್ತು ಹುಂಜಾದ ಅಮೀರ್ ಮೆಹದಿ. ಮಾತಾಡಿಕೊಂಡಿದ್ದ ಜಾಗದಲ್ಲಿ ಡೇರೆ ಇರಲಿಲ್ಲ. ಇಬ್ಬರೂ ಸುಮಾರು 8,100 ಮೀಟರ್ ಎತ್ತರದಲ್ಲಿ, ಡೇರೆಯಿಲ್ಲದೆ, ಹಿಮದಲ್ಲೇ ರಾತ್ರಿ ಕಳೆದರು. ಮೆಹದಿ ಪಾದದ ಬೆರಳುಗಳನ್ನೆಲ್ಲ ಕಳೆದುಕೊಂಡರು. ಮರುದಿನ ಆ ಸಿಲಿಂಡರುಗಳನ್ನೇ ಹಾಕಿಕೊಂಡು ಉಳಿದಿಬ್ಬರು ತುದಿಗೆ ಹೋದರು. ಅಧಿಕೃತ ಕಥೆ ಬೇರೆಯಾಗಿತ್ತು. ಬೊನಾಟ್ಟಿ ದಶಕಗಳ ಕಾಲ ಬರೆದು, ಕೋರ್ಟು ಹತ್ತಿ, ಮತ್ತೆ ಬರೆದು, ಕೊನೆಗೂ ಇಟಲಿಯ ಆಲ್ಪೈನ್ ಕ್ಲಬ್ ತನ್ನ ಮಾತನ್ನು ಒಪ್ಪುವಂತೆ ಮಾಡಿದರು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು, ಮೆಹದಿ ತೀರಿಕೊಂಡಿದ್ದರು. ಅದೇ ರಾತ್ರಿ, ಅದೇ ಹಿಮ. ಒಬ್ಬರ ಕೈಯಲ್ಲಿ ಪೆನ್ನಿತ್ತು, ಪ್ರಕಾಶಕರಿದ್ದರು. ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದು?

ಹಳೆಯ ಕಾಲದ ಕಥೆ ಎನ್ನುವವರಿಗೆ 2023ರ ಜುಲೈ 27 ಇದೆ. ಅದೇ ಕೆ2ರಲ್ಲಿ, ಬಾಟಲ್‌ನೆಕ್ ಎಂಬ ಇಕ್ಕಟ್ಟಿನ ಹತ್ತಿರ, ಮೊಹಮ್ಮದ್ ಹಸನ್ ಎಂಬ ಪಾಕಿಸ್ತಾನಿ ಹೊರೆಯಾಳು ಬಿದ್ದು ಸಾಯುತ್ತಿದ್ದ. ಕೆಲವರು ನೆರವಿಗೆ ನಿಂತರು. ಬಹಳ ಮಂದಿ ಅವನನ್ನು ದಾಟಿಕೊಂಡು ಶಿಖರದ ಕಡೆ ನಡೆದರು. ಆ ಸಾಲನ್ನು ಡ್ರೋನು ಚಿತ್ರೀಕರಿಸಿತು.

"ಅವರಿಗೆ ದುಡ್ಡು ಕೊಡ್ತೀವಲ್ಲ, ಅದು ಅವರ ಕೆಲಸ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸರಿ, ಹಾಗಾದರೆ ಅದನ್ನು ಕೆಲಸವೆಂದೇ ಬರೆಯಿರಿ. ಕೆಲಸಕ್ಕೆ ಕೂಲಿಯಿರುತ್ತದೆ, ವಿಮೆಯಿರುತ್ತದೆ, ಅಪಾಯದ ಲೆಕ್ಕವಿರುತ್ತದೆ. ನಾವು ಬರೆಯುವುದು ಹಾಗಲ್ಲ. ಒಂದೋ ಮರೆತುಬಿಡುತ್ತೇವೆ, ಇಲ್ಲವೇ "ನಗುಮೊಗದ ಶೆರ್ಪಾ", "ಪ್ರಾಣ ಕೊಡುವ ನಿಷ್ಠೆ" ಎಂದು ಹೊಗಳುತ್ತೇವೆ. 1934ರಲ್ಲಿ ನಂಗಾ ಪರ್ವತದ ಬಿರುಗಾಳಿಗೆ ಸಿಕ್ಕಿ ಜರ್ಮನ್ ತಂಡದ ಮೂವರು ಆರೋಹಿಗಳು, ಆರು ಮಂದಿ ಶೆರ್ಪಾಗಳು ಸತ್ತರು. ಅವರಲ್ಲಿ ಗೇಲೇ ಎಂಬಾತ ನಾಯಕ ಮೆರ್ಕಲ್‌ನ ಜೊತೆಗೇ ಉಳಿದು ಸತ್ತದ್ದು ನಿಷ್ಠೆಯ ದಂತಕಥೆಯಾಯಿತು. ಅವನ ಸಾವನ್ನು ಸಣ್ಣದು ಮಾಡುವ ಮನಸ್ಸು ನನಗಿಲ್ಲ. ಆದರೆ ನಿಷ್ಠೆ ಎಂಬ ಮಾತು ಬಂದ ಕೂಡಲೇ ಆ ಹವೆಯಲ್ಲಿ ಅಷ್ಟು ಜನರನ್ನು ಅಷ್ಟು ಮೇಲಕ್ಕೆ ಕರೆದೊಯ್ದವರು ಯಾರು ಎಂಬ ಪ್ರಶ್ನೆ ಬಾಯಿ ಮುಚ್ಚುತ್ತದೆ. ಆ ಹೊಗಳಿಕೆಯಿಂದ ಯಾವ ಹೆಂಡತಿಯ ಒಲೆಯೂ ಉರಿಯುವುದಿಲ್ಲ.

ಒಲೆಯ ಮಾತನ್ನು ಶೆರ್ಪಾಗಳೇ ಎತ್ತಿದ್ದು 2014ರಲ್ಲಿ. ಏಪ್ರಿಲ್ 18ರ ಬೆಳಿಗ್ಗೆ ಖುಂಬು ಹಿಮಪಾತದಲ್ಲಿ ಮಂಜುಗಡ್ಡೆ ಕುಸಿದು 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಒಬ್ಬ ವಿದೇಶಿ ಆರೋಹಿಯೂ ಸತ್ತವರಲ್ಲಿ ಇರಲಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಅಲ್ಲಿದ್ದವರು ಹೊರುವವರು. ಸರ್ಕಾರ ಮೊದಲು ಘೋಷಿಸಿದ್ದು ಪ್ರತಿ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶಿಖರದ ಪರವಾನಗಿಗೆ ಅದು ವಿದೇಶಿಯರಿಂದ ಪಡೆಯುತ್ತಿದ್ದುದು ಸಾವಿರಾರು ಡಾಲರ್. ಶೆರ್ಪಾಗಳು ಸಿಟ್ಟಿಗೆದ್ದರು, ಬೇಡಿಕೆಗಳನ್ನು ಮುಂದಿಟ್ಟರು, ಆ ವರ್ಷ ಹತ್ತಲು ಒಲ್ಲೆವೆಂದರು. ನೇಪಾಳದ ಕಡೆಯ ಋತು ಅಲ್ಲಿಗೇ ಬಹುಮಟ್ಟಿಗೆ ಮುಗಿಯಿತು. ವಿಮೆಯ ಮೊತ್ತ ಆಮೇಲೆ ಏರಿತು. ನಗುಮೊಗದವರು ನಗು ನಿಲ್ಲಿಸಿದ ಮೇಲೆ ಆದ ಕೆಲಸ ಅದು.

ಇನ್ನೊಂದು ತಕರಾರು ನಮ್ಮ ಸಾಹಿತ್ಯದ ವಲಯದ್ದೇ. ಮೂಟೆ ಎಣಿಸುವುದು ಸಾಹಿತ್ಯವೇ, ಅನುಭವ ಮುಖ್ಯವಲ್ಲವೇ ಎಂದು ಕೇಳುತ್ತಾರೆ. ಮಲೆಯನ್ನು ಗುತ್ತಿಯೆಂಬ ಆಳು ಮತ್ತು ಅವನ ನಾಯಿ ಹುಲಿಯನ ಹೆಜ್ಜೆಯ ಜೊತೆ ನಡೆದು ನೋಡಿದ 'ಮಲೆಗಳಲ್ಲಿ ಮದುಮಗಳು' ಇರುವ ಭಾಷೆಯಲ್ಲಿ ಈ ಪ್ರಶ್ನೆ! ದಲಿತ, ಬಂಡಾಯ ಸಾಹಿತ್ಯ ಕಟ್ಟಿದವರು ಕೆರೆ ತೋಡಿದವರು ಯಾರು, ನೀರು ಕುಡಿದವರು ಯಾರು ಎಂದು ಕೇಳುವುದನ್ನು ನಮಗೆ ಕಲಿಸಿ ನಾಲ್ಕು ದಶಕಗಳೇ ಆದವು. ಕಾದಂಬರಿ ಓದುವಾಗ ಆ ಪ್ರಶ್ನೆ ಕೇಳಿ ಪರೀಕ್ಷೆ ಪಾಸು ಮಾಡುತ್ತೇವೆ. ಹಿಮಾಲಯಕ್ಕೆ ಹೋಗುವಾಗ ಅದನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋಗುತ್ತೇವೆ.

ಹಾಗಾದರೆ ಯಾರೂ ಬೆಟ್ಟ ಹತ್ತಬಾರದೇ? ನಾನು ಹಾಗೆ ಹೇಳುತ್ತಿಲ್ಲ. ಎವರೆಸ್ಟ್ ತುದಿಯ ಹತ್ತಿರ ಜನ ಸಾಲುಗಟ್ಟಿ ನಿಂತ 2019ರ ಫೋಟೋ ಹಂಚಿಕೊಂಡು, ದುಡ್ಡಿದ್ದವರ ಹುಚ್ಚು ಎಂದು ಬೈದು ಮುಗಿಸುವವರ ಜೊತೆಗೂ ನಾನಿಲ್ಲ. ಆ ಬೈಗುಳದಲ್ಲೂ ಕಾಣಿಸುವುದು ದುಡ್ಡು ಕೊಟ್ಟವರು ಮಾತ್ರ. ಸಾಲಿನಲ್ಲಿ ಅವರ ಹಿಂದೆ ಮುಂದೆ ನಿಂತು ಕೆಲಸ ಮಾಡುತ್ತಿದ್ದವರ ಮನೆಗಳು ಆ ಋತುವಿನ ಸಂಬಳವನ್ನು ನಂಬಿಕೊಂಡಿವೆ. 2021ರ ಜನವರಿ 16ರಂದು ಹತ್ತು ಮಂದಿ ನೇಪಾಳಿಗಳು ಚಳಿಗಾಲದ ಕೆ2 ಹತ್ತಿದರು; ಅದುವರೆಗೆ ಚಳಿಗಾಲದಲ್ಲಿ ಯಾರೂ ಅದರ ತುದಿ ಮುಟ್ಟಿರಲಿಲ್ಲ. ತುದಿಗೆ ಸ್ವಲ್ಪ ಕೆಳಗೆ ನಿಂತು, ಎಲ್ಲರೂ ಕೂಡಿಕೊಂಡು, ರಾಷ್ಟ್ರಗೀತೆ ಹಾಡುತ್ತ ಒಟ್ಟಿಗೆ ಕಾಲಿಟ್ಟರು. ಮೊದಲು ಯಾರು ಎಂಬ ಪ್ರಶ್ನೆಗೆ ಅವರು ಜಾಗವನ್ನೇ ಬಿಡಲಿಲ್ಲ. ಬೆಟ್ಟ ಹತ್ತುವ ಆಸೆ ಕೆಟ್ಟದ್ದಲ್ಲ. ಅದನ್ನು ಒಬ್ಬಂಟಿ ಛಲದ ಕಥೆಯಾಗಿ ಮಾರುವುದು ಸುಳ್ಳು. ಆ ಸುಳ್ಳನ್ನು ಕಾಲೇಜುಗಳು ಹಾರ ಹಾಕಿ ಕರೆಸಿಕೊಳ್ಳುತ್ತಿವೆ.

ಆದ್ದರಿಂದ ನಮ್ಮಲ್ಲಿಗೆ ಬಂದು ಮಾತಾಡುವ ಆರೋಹಿಗಳಿಂದ, ಚಾರಣದ ಲೇಖನ ಬರೆಯುವ ಗೆಳೆಯರಿಂದ ನಾವು ಕೇಳಬೇಕಾದದ್ದು ಬಹಳವೇನಿಲ್ಲ. ನಿಮ್ಮ ಜೊತೆ ಎಷ್ಟು ಜನ ಕೆಲಸ ಮಾಡಿದರು, ಎಷ್ಟು ತೂಕ ಹೊತ್ತರು, ದಿನಕ್ಕೆ ಎಷ್ಟು ಕೂಲಿ, ಬಿದ್ದರೆ ಯಾರ ಹೊಣೆ, ಅವರ ಹೆಸರೇನು ಎಂಬುದನ್ನು ಹೇಳಿ. ಕೊನೆಯ ಸ್ಲೈಡಿನ ಧನ್ಯವಾದದಲ್ಲಿ ಬೇಡ, ಕಥೆ ನಡೆಯುವ ಜಾಗದಲ್ಲಿ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ. ಅದೂ ಒಂದು ಮಾಹಿತಿಯೇ.

ನಾನು ಹಾಗೆಯೇ ಮಾಡಬೇಕಾಯಿತು. ಆ ಹಳೆಯ ಲೇಖನವನ್ನು ಮತ್ತೆ ಬರೆಯಲು ಕೂತೆ. ಚಹಾ ಬಂತು ಎಂಬಲ್ಲಿ ಚಹಾ ತಂದರು ಎಂದು ತಿದ್ದಿದೆ. ಯಾರು ಎಂದು ಬರೆಯಲು ಹೋದಾಗ ಹೆಸರು ನೆನಪಾಗಲಿಲ್ಲ. ಜೊತೆಗೆ ಬಂದಿದ್ದ ನಾಲ್ವರು ಗೆಳೆಯರಿಗೂ ಫೋನ್ ಮಾಡಿದೆ. ಹತ್ತು ದಿನ ಅವರ ಕೈಯೂಟ ಉಂಡ ಐವರಲ್ಲಿ ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ. ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ಮುಂದಿನ ಸಲ ಸಭೆಯಲ್ಲಿ ಯಾರಾದರೂ ಲಗೇಜು ಹೊತ್ತದ್ದು ಯಾರು ಎಂದು ಕೇಳಿದರೆ ದಯವಿಟ್ಟು ನಗಬೇಡಿ. ಉತ್ತರ ಬರುವವರೆಗೆ ಆ ಹುಡುಗಿ ಕೂರದಂತೆ ನೋಡಿಕೊಳ್ಳಿ.